ನಮ್ಮ ಕರ್ತನ ಮುಖವು ಹೇಗಿತ್ತು?

ಕಳೆದ ಮಳೆಗಾಲಕ್ಕೆ ಮುಂಚೆ ನಾವು ಒಂದು ಹಳ್ಳಿಯ ಸಭೆಯನ್ನು ಸಂದರ್ಶಿಸಲು ಹೋಗಿದ್ದಾಗ, ವೃದ್ಧೆಯಾದ ಒಬ್ಬ ತಾಯಿಯ ಮನೆಯಲ್ಲಿ ಸಾಯಂಕಾಲದ ಪ್ರಾರ್ಥನೆಗೆ ಕೂಡಿಬಂದೆವು. ಗೋಡೆಯ ಮೇಲೆ ಕರ್ತನ ಚಿತ್ರವೊಂದು ತೂಗುತ್ತಿತ್ತು. ಭುಜದ ವರೆಗೆ ಇಳಿದ ಕಂದು ಕೂದಲು, ಬಿಳಿಯ ಮೈಬಣ್ಣ, ಪಕ್ಕಕ್ಕೆ ತಿರುಗಿ ಮೇಲಕ್ಕೆ ನೋಡುವ ಕಣ್ಣುಗಳು. ನಿಮ್ಮಲ್ಲಿ ಅನೇಕರು ಇದನ್ನು ಕಂಡಿರುವಿರಿ. ಚಿತ್ರದ ಕೆಳಗಿನ ಹಲಗೆಯ ಮೇಲೆ ಊದುಬತ್ತಿಯ ಬೂದಿಯೂ ಬಾಡಿದ ಎರಡು ಸೇವಂತಿಗೆಗಳೂ ಬಿದ್ದಿದ್ದವು. ನಮ್ಮ ದೃಷ್ಟಿ ಅಲ್ಲಿಗೆ ಹೋದದ್ದನ್ನು ಕಂಡು ಆ ತಾಯಿಯು ಸೆರಗಿನಿಂದ ಬೂದಿಯನ್ನು ಮೆಲ್ಲಗೆ ಒರಸಿಬಿಟ್ಟರು. ನಾವು ಏನೂ ಹೇಳಲಿಲ್ಲ.

ಪ್ರಾರ್ಥನೆಯಾದ ಮೇಲೆ ಅವರ ಮೊಮ್ಮಗನು ನಮ್ಮನ್ನು ಬೀದಿಯ ತುದಿಯ ವರೆಗೆ ಕಳುಹಿಸಲು ಬಂದು, "ಅಯ್ಯನವರೇ, ಅಂಗಡಿಯ ಕಟ್ಟೆಯ ಮೇಲೆ ನನ್ನ ಜೊತೆಗಾರರು, ನಿಮ್ಮ ದೇವರು ಬಿಳಿಯರ ಜಾತಿಯವನು, ಪಟ ನೋಡಿದರೇ ತಿಳಿಯುತ್ತದೆ ಎಂದು ನಗುತ್ತಾರೆ. ನಾನು ಏನೆಂದು ಉತ್ತರ ಕೊಡಲಿ?" ಎಂದು ಕೇಳಿದನು. ಅಜ್ಜಿಯ ಹಲಗೆಯ ಮೇಲಿನ ಬೂದಿಯೂ ಮೊಮ್ಮಗನ ಈ ಪ್ರಶ್ನೆಯೂ ಒಂದೇ ಪಟದಿಂದ ಹುಟ್ಟಿದವುಗಳಾಗಿದ್ದವು. ಬೀದಿಯಲ್ಲಿ ನಿಂತು ಹೇಳುವಷ್ಟು ಚಿಕ್ಕ ಉತ್ತರ ಇವಕ್ಕೆ ಇಲ್ಲದ ಕಾರಣ ಈ ತಿಂಗಳ ಪಾಠವನ್ನು ಇದಕ್ಕಾಗಿಯೇ ಇಟ್ಟಿದ್ದೇವೆ.

ಮೊದಲು ಸತ್ಯವೇದವನ್ನು ತೆರೆಯೋಣ. ನಾಲ್ಕು ಸುವಾರ್ತೆಗಳನ್ನು ಆದಿಯಿಂದ ಅಂತ್ಯದ ವರೆಗೆ ಹುಡುಕಿದರೂ ಕರ್ತನು ಎತ್ತರವಾಗಿದ್ದನೋ ಗಿಡ್ಡನಾಗಿದ್ದನೋ, ಆತನ ಬಣ್ಣವು ಯಾವದು, ಗಡ್ಡವಿತ್ತೋ ಇಲ್ಲವೋ ಎಂಬದಕ್ಕೆ ಒಂದು ಮಾತೂ ಸಿಕ್ಕುವದಿಲ್ಲ. ಶಾಸ್ತ್ರವು ಮನುಷ್ಯರ ರೂಪವನ್ನು ಎಲ್ಲಿಯೂ ಹೇಳುವದೇ ಇಲ್ಲವೆಂದು ಇದರಿಂದ ನೆನಸಬಾರದು. ಸೌಲನು ಜನರೆಲ್ಲರಿಗಿಂತ ಎತ್ತರವಾಗಿದ್ದನೆಂದೂ (1 ಸಮು. 9:2), ದಾವೀದನು ಕೆಂಬಣ್ಣದವನೂ ಸುಂದರನೂ ಆಗಿದ್ದನೆಂದೂ (1 ಸಮು. 16:12), ಅಬ್ಷಾಲೋಮನ ಕೂದಲಿನ ತೂಕ ಎಷ್ಟೆಂಬದೂ (2 ಸಮು. 14:26) ಬರೆಯಲ್ಪಟ್ಟಿವೆ. ಸ್ನಾನಿಕನಾದ ಯೋಹಾನನ ಉಡುಪೂ ಊಟವೂ ಹೇಳಲ್ಪಟ್ಟಿವೆ. ಜಕ್ಕಾಯನು ಗಿಡ್ಡನೆಂದು ಲೂಕನು ಬರೆಯಲು ಮರೆಯಲಿಲ್ಲ. ಆದರೆ ಆ ಜಕ್ಕಾಯನು ಮರ ಹತ್ತಿ ನೋಡಬೇಕೆಂದಿದ್ದಾತನ ರೂಪದ ವಿಷಯದಲ್ಲಿ ಅದೇ ಲೂಕನು ಮೌನವಾಗಿದ್ದಾನೆ.

ಆದರೂ ಕೆಲವು ಸೂಚನೆಗಳು ಅಲ್ಲಲ್ಲಿ ಬಿದ್ದಿವೆ. ಗೆತ್ಸೇಮನೆಯಲ್ಲಿ ಯೂದನು ಮುದ್ದಿಟ್ಟು ಗುರುತು ತೋರಿಸಬೇಕಾಯಿತು (ಮತ್ತಾ. 26:48). ರಾತ್ರಿಯ ಕತ್ತಲು ಇದ್ದದ್ದು ನಿಜ. ಆದರೂ ಹನ್ನೊಂದು ಮಂದಿ ಗಲಿಲಾಯದವರ ನಡುವೆ ಆತನು ಬಣ್ಣದಿಂದಲಾಗಲಿ ಉಡುಪಿನಿಂದಲಾಗಲಿ ಬೇರೆಯಾಗಿ ಕಾಣುವವನಾಗಿದ್ದರೆ ಗುರುತಿನ ಅಗತ್ಯವೇನಿತ್ತು? ಸಮಾರ್ಯದ ಸ್ತ್ರೀಯು ಬಾವಿಯ ಬಳಿಯಲ್ಲಿ ಆತನನ್ನು ಯೆಹೂದ್ಯನೆಂದು ಕೂಡಲೇ ತಿಳಿದುಕೊಂಡಳು (ಯೋಹಾ. 4:9). ಮಗ್ದಲದ ಮರಿಯಳು, ಎದ್ದು ಬಂದ ಕರ್ತನನ್ನು ತೋಟಗಾರನೆಂದು ನೆನಸಿದಳು (ಯೋಹಾ. 20:15). ಊರಿನವರು ಆತನನ್ನು ಕರೆದದ್ದು ಬಡಗಿಯೆಂದು (ಮಾರ್ಕ 6:3). ಮರವನ್ನೂ ಕಲ್ಲನ್ನೂ ಎತ್ತಿ ಬಿಸಿಲಲ್ಲಿ ದುಡಿದವನ ಕೈಗಳೂ ಮುಖವೂ ಹೇಗಿರುವವೆಂದು ನಮ್ಮ ಹಳ್ಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಕೂದಲಿನ ವಿಷಯದಲ್ಲಿ ಒಂದು ತಪ್ಪು ಅಭಿಪ್ರಾಯ ಹರಡಿದೆ. ನಜರೇತಿನವನು ಎಂಬ ಮಾತನ್ನು ನಾಜೀರನು ಎಂಬ ಮಾತಿನೊಂದಿಗೆ ಬೆರಸಿ, ನಾಜೀರರು ಕ್ಷೌರ ಮಾಡಿಸಿಕೊಳ್ಳದಿರುವದರಿಂದ (ಅರಣ್ಯ. 6:5) ಕರ್ತನಿಗೂ ನೀಳವಾದ ಕೂದಲಿತ್ತೆಂದು ಕೆಲವರು ಹೇಳುತ್ತಾರೆ. ಮೊದಲನೆಯದು ಊರಿನ ಹೆಸರು, ಎರಡನೆಯದು ಹರಕೆಯ ಹೆಸರು. ನಾಜೀರನು ದ್ರಾಕ್ಷಾರಸವನ್ನು ಮುಟ್ಟಬಾರದು, ಹೆಣದ ಹತ್ತಿರ ಹೋಗಬಾರದು. ಕರ್ತನಾದರೋ ದ್ರಾಕ್ಷಾರಸ ಕುಡಿಯುತ್ತಾನೆಂದು ದೂಷಣೆ ಹೊತ್ತನು, ಸತ್ತ ಹುಡುಗಿಯ ಕೈ ಹಿಡಿದನು. ಇದಲ್ಲದೆ ಗಂಡಸು ಕೂದಲು ಬೆಳೆಸುವದು ಅವಮಾನವೆಂದು ಪೌಲನು ಕೊರಿಂಥದವರಿಗೆ ಬರೆದನು (1 ಕೊರಿಂ. 11:14). ಕರ್ತನನ್ನು ಕಂಡವರು ಇನ್ನೂ ಬದುಕಿದ್ದ ಆ ಕಾಲದಲ್ಲಿ, ಆತನ ಕೂದಲು ನಮ್ಮ ಪಟಗಳಲ್ಲಿರುವಂತೆ ಇದ್ದಿದ್ದರೆ ಅಪೊಸ್ತಲನು ಹಾಗೆ ಬರೆಯುತ್ತಿದ್ದನೇ? ನಮಗಂತೂ ತೋರುವದಿಲ್ಲ.

ಹಿಂದಿನ ಕಾಲದ ಸಭಾಪಿತೃಗಳು ಈ ಮೌನವನ್ನು ಪ್ರವಾದನೆಗಳಿಂದ ತುಂಬಿಸಲು ನೋಡಿದರು. ಅಲೆಕ್ಸಾಂದ್ರಿಯದ ಕ್ಲೇಮೆಂತನೂ ತೆರ್ತುಲ್ಯನೂ ಯೆಶಾಯ 53:2ನ್ನು ಹಿಡಿದು ಕರ್ತನಿಗೆ ಹೊರಗಿನ ಸೌಂದರ್ಯವಿರಲಿಲ್ಲವೆಂದರು. ಜೆರೋಮನೂ ಕ್ರಿಸೊಸ್ತೊಮನೂ 45ನೇ ಕೀರ್ತನೆಯನ್ನು ಹಿಡಿದು ಆತನು ಅತಿ ಸುಂದರನೆಂದರು. ಇಬ್ಬರ ಕೈಯಲ್ಲೂ ವಾಕ್ಯವಿತ್ತು, ಯಾರ ಕೈಯಲ್ಲೂ ಸಾಕ್ಷಿ ಇರಲಿಲ್ಲ.

ಇನ್ನು ಚಿತ್ರಗಳ ಕಥೆಗೆ ಬರೋಣ. ಮೊದಲಿನ ಇನ್ನೂರು ವರುಷಗಳಲ್ಲಿ ಕ್ರೈಸ್ತರು ಬರೆದ ಕರ್ತನ ಚಿತ್ರವೆಂದು ನಿಶ್ಚಯವಾಗಿ ತೋರಿಸತಕ್ಕದ್ದು ಒಂದೂ ಉಳಿದಿಲ್ಲ. ಅತಿ ಹಳೆಯ ಚಿತ್ರಗಳಲ್ಲಿ ಒಂದು ವೈರಿಯ ಕೈಯಿಂದ ಆದದ್ದು. ರೋಮಾಪುರದ ಪಲತೀನ ಗುಡ್ಡದ ಮೇಲೆ 1857ರಲ್ಲಿ ಒಂದು ಹಳೆಯ ಗೋಡೆಯ ಗಾರೆಯ ಮೇಲೆ ಗೀಚಿದ ಚಿತ್ರವು ಸಿಕ್ಕಿತು. ಅದು ಸುಮಾರು 200ನೇ ಇಸವಿಯದೆಂದು ಪಂಡಿತರು ಎಣಿಸುತ್ತಾರೆ. ಕತ್ತೆಯ ತಲೆಯುಳ್ಳ ಒಬ್ಬನು ಶಿಲುಬೆಯ ಮೇಲೆ ಇದ್ದಾನೆ; ಕೆಳಗೆ ಒಬ್ಬನು ಕೈಯೆತ್ತಿ ನಿಂತಿದ್ದಾನೆ; ಅಲೆಕ್ಸಮೇನನು ತನ್ನ ದೇವರನ್ನು ಆರಾಧಿಸುತ್ತಾನೆಂದು ಗ್ರೀಕ್ ಅಕ್ಷರಗಳಲ್ಲಿ ಬರೆದಿದೆ. ಈ ಅಲೆಕ್ಸಮೇನನು ಯಾರೋ ತಿಳಿಯದು. ಅಂಗಡಿಯ ಕಟ್ಟೆಯ ಮೇಲೆ ನಗೆಗೀಡಾದ ಆ ಹುಡುಗನಿಗೆ ಈ ಸಂಗತಿಯನ್ನು ಹೇಳಿದಾಗ ಅವನ ಮುಖವು ಸ್ವಲ್ಪ ಅರಳಿತು.

ಆಮೇಲೆ ಮೂರನೆಯ ಶತಮಾನದಲ್ಲಿ ರೋಮಿನ ನೆಲದೊಳಗಿನ ಸಮಾಧಿಗುಹೆಗಳಲ್ಲಿ ಕ್ರೈಸ್ತರ ಚಿತ್ರಗಳು ಕಾಣಿಸಿಕೊಂಡವು. ಅಲ್ಲಿ ಕರ್ತನು ಗಡ್ಡವಿಲ್ಲದ ಎಳೆಯ ಕುರುಬನು. ಕುರಿಯನ್ನು ಹೆಗಲ ಮೇಲೆ ಹೊತ್ತಿದ್ದಾನೆ. ಸಿರಿಯ ದೇಶದಲ್ಲಿ ಯೂಫ್ರೇಟೀಸ್ ನದಿಯ ದಡದ ದೂರಾ-ಯುರೋಪಸ್ ಎಂಬ ಊರು 256ರ ಸುಮಾರಿಗೆ ಯುದ್ಧದಲ್ಲಿ ಹಾಳಾಗಿ ಮಣ್ಣಿನಲ್ಲಿ ಮುಚ್ಚಿಹೋಯಿತು. 1930ರ ಈಚೆಗೆ ಅದನ್ನು ಅಗೆದವರು ಒಂದು ಸಾಧಾರಣ ಮನೆಯನ್ನು ಕಂಡರು. ಅದೇ ಅಲ್ಲಿಯ ಕ್ರೈಸ್ತರ ಆರಾಧನೆಯ ಮನೆ. ದೀಕ್ಷಾಸ್ನಾನದ ಕೋಣೆಯ ಗೋಡೆಯ ಮೇಲೆ ಕರ್ತನು ಪಾರ್ಶ್ವವಾಯುರೋಗಿಯನ್ನು ಸ್ವಸ್ಥಮಾಡುವದೂ ನೀರಿನ ಮೇಲೆ ನಡೆಯುವದೂ ಬರೆಯಲ್ಪಟ್ಟಿದ್ದವು. ಅಲ್ಲಿಯೂ ಆತನಿಗೆ ಗಡ್ಡವಿಲ್ಲ, ಕೂದಲು ಮೋಟಾಗಿದೆ, ಮುಖದ ಗೆರೆಗಳು ಹೆಚ್ಚಿಲ್ಲ. ಚಿತ್ರಗಾರನ ಲಕ್ಷ್ಯವು ಮುಖದ ಮೇಲಲ್ಲ, ಹಾಸಿಗೆಯನ್ನು ಹೊತ್ತು ಹೋಗುವ ರೋಗಿಯ ಮೇಲೆ ಇತ್ತು.

ನಾಲ್ಕನೆಯ ಶತಮಾನದಲ್ಲಿ ರಾಜರು ಕ್ರೈಸ್ತರಾದ ಮೇಲೆ ಗಡ್ಡವುಳ್ಳ ಗಂಭೀರ ಮುಖವು ಬಂತು. ಗ್ರೀಕರು ತಮ್ಮ ತತ್ವಜ್ಞಾನಿಗಳಿಗೂ ದೊಡ್ಡ ದೇವರುಗಳಿಗೂ ಕೊಡುತ್ತಿದ್ದ ರೂಪವೇ ಇದು. ಕೆಲವು ಕಾಲ ಎರಡೂ ಒಟ್ಟಿಗೆ ನಡೆದವು. ಇತಾಲಿಯ ರವೆನ್ನಾ ಪಟ್ಟಣದಲ್ಲಿ ಆರನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಒಂದು ದೇವಾಲಯದ ಗೋಡೆಯಲ್ಲಿ, ಅದ್ಭುತಕಾರ್ಯಗಳ ಚಿತ್ರಗಳಲ್ಲಿ ಕರ್ತನಿಗೆ ಗಡ್ಡವಿಲ್ಲ. ಎದುರುಗೋಡೆಯಲ್ಲಿ ಶ್ರಮೆಗಳ ಚಿತ್ರಗಳಲ್ಲಿ ಗಡ್ಡವಿದೆ. ಒಂದೇ ಆಲಯ, ಒಬ್ಬನೇ ಕರ್ತನು, ಎರಡು ಮುಖಗಳು! ಬರೆದವರು ಆತನನ್ನು ಕಂಡವರಲ್ಲವೆಂಬದಕ್ಕೆ ಇದಕ್ಕಿಂತ ಹೆಚ್ಚಿನ ರುಜುವಾತು ಬೇಡ.

ಚಿತ್ರಕ್ಕೆ ಆಧಾರ ಬೇಕೆಂದಾಗ ಕಥೆಗಳು ಹುಟ್ಟಿದವು. ಎದೆಸ್ಸದ ಅರಸನಾದ ಅಬ್ಗಾರನಿಗೆ ಕರ್ತನು ತನ್ನ ಮುಖವನ್ನು ಬಟ್ಟೆಯಲ್ಲಿ ಒತ್ತಿ ಕಳುಹಿಸಿದನೆಂಬ ಕಥೆ ಇದೆ. ಈ ಅರಸನ ಸಂಗತಿಯನ್ನು ಮೊದಲು ಬರೆದ ಯುಸೇಬಿಯನು ಪತ್ರಗಳ ವಿಷಯವನ್ನು ಮಾತ್ರ ಹೇಳುತ್ತಾನೆ, ಬಟ್ಟೆಯು ತರುವಾಯ ಸೇರಿತು. ಶಿಲುಬೆಯ ದಾರಿಯಲ್ಲಿ ವೆರೋನಿಕಳು ಮುಖ ಒರಸಿದಳೆಂಬದು ಸುವಾರ್ತೆಗಳಲ್ಲಿ ಇಲ್ಲ. ರೋಮಿನ ಅಧಿಕಾರಿಯಾದ ಲೆಂತುಲನು ಬರೆದದ್ದೆಂಬ ಒಂದು ಪತ್ರವು ಕರ್ತನ ಕೂದಲಿನ ಬಣ್ಣವನ್ನೂ ನಡುಬೈತಲೆಯನ್ನೂ ವರ್ಣಿಸುತ್ತದೆ. ಅದು ಸುಳ್ಳುಪತ್ರವೆಂದು ಲೊರೆಂಜೊ ವಾಲ್ಲಾ ಎಂಬ ಪಂಡಿತನು ಹದಿನೈದನೆಯ ಶತಮಾನದಲ್ಲಿಯೇ ಹೇಳಿದನು. ತೂರಿನ್ ಪಟ್ಟಣದ ಹೆಣವಸ್ತ್ರವನ್ನು 1988ರಲ್ಲಿ ಮೂರು ಪರೀಕ್ಷಾಶಾಲೆಗಳಲ್ಲಿ ಶೋಧಿಸಿದಾಗ ಅದರ ನಾರು 1260ಕ್ಕೂ 1390ಕ್ಕೂ ನಡುವಿನದೆಂದು ಬಂತು. ಇವುಗಳನ್ನು ಪ್ರೀತಿಸುವವರೊಂದಿಗೆ ಜಗಳವಾಡುವದು ನಮಗೆ ಬೇಡ. ಆದರೆ ಇವುಗಳ ಮೇಲೆ ನಂಬಿಕೆಯ ಮನೆಯನ್ನು ಕಟ್ಟಲಾಗದು.

ಚಿತ್ರವನ್ನು ಇಡಬಹುದೋ ಎಂಬ ವಾದದಲ್ಲಿ ಪೂರ್ವದೇಶದ ಸಭೆಯು ನೂರಕ್ಕೂ ಹೆಚ್ಚು ವರುಷ ಒಡೆದುಹೋಗಿತ್ತು. ಚಿತ್ರಕ್ಕೆ ಗೌರವ ಸಲ್ಲಬಹುದು, ಆರಾಧನೆಯು ದೇವರಿಗೆ ಮಾತ್ರವೆಂದು 787ರ ನಿಕೇಯ ಸಂಘವು ತೀರ್ಮಾನಿಸಿತು. ಆದರೆ ಗೌರವವೆಲ್ಲಿ ಮುಗಿಯುತ್ತದೆ, ಆರಾಧನೆಯೆಲ್ಲಿ ಆರಂಭಿಸುತ್ತದೆ ಎಂಬ ಗೆರೆಯನ್ನು ಸಾಮಾನ್ಯ ಜನರು ಯಾವ ದೇಶದಲ್ಲಿಯೂ ಸುಲಭವಾಗಿ ಕಂಡಿಲ್ಲ. ಸುಧಾರಣೆಯ ಕಾಲದಲ್ಲಿ ಈ ವಾದವು ಮತ್ತೆ ಎದ್ದಿತು. ವಿಟ್ಟೆನ್‌ಬೆರ್ಗಿನಲ್ಲಿ ಜನರು ಚಿತ್ರಗಳನ್ನು ಒಡೆಯಲು ತೊಡಗಿದಾಗ ಲೂಥರನು 1522ರಲ್ಲಿ ಅಡಗಿದ್ದ ಸ್ಥಳದಿಂದ ಹಿಂತಿರುಗಿ, ವಿಗ್ರಹಗಳನ್ನು ಮೊದಲು ಹೃದಯದಿಂದ ತೆಗೆಯಬೇಕೆಂಬ ಅರ್ಥದಲ್ಲಿ ಬೋಧಿಸಿ ಅವರನ್ನು ತಡೆದನು. ಅವನ 1534ರ ಜರ್ಮನ್ ಸತ್ಯವೇದದಲ್ಲಿ ಚಿತ್ರಗಳೇ ತುಂಬಿದ್ದವು. ಬಾಸೆಲ್ ಪಟ್ಟಣದಲ್ಲಾದರೋ 1529ರಲ್ಲಿ ಜನರು ದೇವಾಲಯಗಳಿಗೆ ನುಗ್ಗಿ ಚಿತ್ರಗಳನ್ನು ಕಿತ್ತು ಸುಟ್ಟರು. 1834ರಲ್ಲಿ ಮಂಗಳೂರಿಗೆ ಸುವಾರ್ತೆಯನ್ನು ತಂದ ಮಿಶನರಿಗಳನ್ನು ಕಳುಹಿಸಿದ ಸಂಘವು ಇದೇ ಪಟ್ಟಣದ್ದು. ನಮ್ಮ ಹಳೆಯ ದೇವಾಲಯಗಳ ಗೋಡೆಗಳು ಯಾಕೆ ಸುಣ್ಣ ಬಳಿದು ಬರಿದಾಗಿವೆಯೆಂದು ಕೇಳುವ ಮಕ್ಕಳಿಗೆ ಉತ್ತರದ ಒಂದು ಭಾಗ ಇದರಲ್ಲಿದೆ.

ಈಗ ಅಜ್ಜಿಯ ಗೋಡೆಯ ಮೇಲಿನ ಪಟಕ್ಕೆ ಬರೋಣ. ಅದು ಬಹಳ ಪುರಾತನವೆಂದು ಆ ಮನೆಯವರು ನೆನಸಿದ್ದರು. ಅಮೆರಿಕದ ಶಿಕಾಗೊ ಪಟ್ಟಣದ ವಾರ್ನರ್ ಸಾಲ್ಮನ್ ಎಂಬ ಚಿತ್ರಗಾರನು ಅದನ್ನು ಬರೆದದ್ದು 1940ರಲ್ಲಿ. ಅದರ ಪ್ರತಿಗಳು ಕೋಟಿಗಟ್ಟಲೆ ಅಚ್ಚಾಗಿ ಲೋಕವೆಲ್ಲಾ ಹರಡಿದವು. ಸಾಲ್ಮನನು ಮಾಡಿದ್ದು ತಪ್ಪಲ್ಲ; ತನ್ನ ಜನರು ಗುರುತಿಸುವಂತೆ ಬರೆದನು. ಎಲ್ಲಾ ದೇಶದವರೂ ಹೀಗೆಯೇ ಮಾಡಿದ್ದಾರೆ. ಇಥಿಯೋಪ್ಯದವರು ಕರ್ತನನ್ನು ತಮ್ಮವರಂತೆ ಬರೆದರು. ಗೋವೆಯಲ್ಲಿ ಹುಟ್ಟಿ ಪುಣೆಯಲ್ಲಿ ಕೆಲಸಮಾಡಿದ ಆಂಜೆಲೊ ದ ಫೊನ್ಸೆಕನು (1902–1967) ಮರಿಯಳಿಗೆ ಸೀರೆ ಉಡಿಸಿದನು. ಹಾಲಂಡಿನ ರೆಂಬ್ರಾಂಟನು ಮಾತ್ರ ಬೇರೊಂದು ದಾರಿ ಹಿಡಿದನು. ಆಮ್ಸ್ಟರ್‌ಡ್ಯಾಮಿನಲ್ಲಿ ಯೆಹೂದ್ಯರ ಕೇರಿಯಲ್ಲಿ ವಾಸಿಸುತ್ತಿದ್ದ ಅವನು 1648ರ ಸುಮಾರಿಗೆ, ನೆರೆಯ ಯೆಹೂದ್ಯ ಯೌವನಸ್ಥನೊಬ್ಬನನ್ನು ಎದುರಿಗೆ ಕೂಡ್ರಿಸಿಕೊಂಡು ಕರ್ತನ ಮುಖವನ್ನು ಬರೆದನೆಂದು ಬಲ್ಲವರು ಹೇಳುತ್ತಾರೆ. ಮುನ್ನೂರೈವತ್ತು ವರುಷಗಳ ತರುವಾಯ, 2001ರಲ್ಲಿ, ಇಂಗ್ಲೆಂಡಿನ ರಿಚರ್ಡ್ ನೀವ್ ಎಂಬವರು ಆ ಕಾಲದ ಯೆಹೂದ್ಯರ ತಲೆಬುರುಡೆಗಳನ್ನು ಶೋಧಿಸಿ ಒಂದು ಮುಖವನ್ನು ರೂಪಿಸಿದರು: ಅಗಲವಾದ ಮುಖ, ಗೋದಿಗಿಂತ ಕಪ್ಪಾದ ಚರ್ಮ, ಮೋಟಾದ ಗುಂಗುರು ಕೂದಲು. ಅದೂ ಕರ್ತನ ಮುಖವಲ್ಲ. ಆತನ ನೆರೆಹೊರೆಯವರ ಮುಖ ಹೇಗಿತ್ತೆಂಬ ಊಹೆ.

ಆ ಹುಡುಗನಿಗೆ ನಾವು ಕೊಟ್ಟ ಉತ್ತರವು ಇಷ್ಟು: "ತಮ್ಮಾ, ಬೇತ್ಲೆಹೇಮೂ ನಜರೇತೂ ಇರುವದು ನಾವಿರುವ ಏಷ್ಯ ಖಂಡದಲ್ಲಿಯೇ. ಬಿಳಿಯರ ದೇಶಕ್ಕೆ ಕರ್ತನು ಕಾಲಿಡಲಿಲ್ಲ. ಅವರೂ ನಮ್ಮ ಹಾಗೆ ಸುವಾರ್ತೆಯನ್ನು ಪರರಿಂದ ಕೇಳಿ ತಿಳಿದವರೇ. ಪಟವು ಶಿಕಾಗೊದ್ದು, ಕರ್ತನು ಗಲಿಲಾಯದವನು."

ಅಜ್ಜಿಯ ಮನೆಗೆ ಎರಡನೆಯ ಸಾರಿ ಹೋದಾಗ, ಪಟವನ್ನು ತೆಗೆದುಬಿಡಿರೆಂದು ನಾವು ಹೇಳಲಿಲ್ಲ. ಸುವಾರ್ತಿಕರು ಮುಖವನ್ನು ವರ್ಣಿಸದೆ ಹೋದರೂ ಆತನ ನೋಟವನ್ನು ಮತ್ತೆ ಮತ್ತೆ ಬರೆದಿಟ್ಟಿದ್ದಾರೆಂದು ಹೇಳಿ, ಮೊಮ್ಮಗನಿಂದ ಮೂರು ಸ್ಥಳಗಳನ್ನು ಓದಿಸಿದೆವು. ಕೈಬತ್ತಿದವನ ಮುಂದೆ ಕಠಿಣಹೃದಯದವರನ್ನು ಆತನು ಕೋಪದಿಂದಲೂ ದುಃಖದಿಂದಲೂ ಸುತ್ತ ನೋಡಿದ್ದು (ಮಾರ್ಕ 3:5). ಐಶ್ವರ್ಯವಂತನನ್ನು ದೃಷ್ಟಿಸಿ ಪ್ರೀತಿಸಿದ್ದು (ಮಾರ್ಕ 10:21). ಕೋಳಿ ಕೂಗಿದಾಗ ತಿರುಗಿಕೊಂಡು ಪೇತ್ರನನ್ನು ನೋಡಿದ್ದು (ಲೂಕ 22:61). ಮೂರನೆಯದನ್ನು ಅಜ್ಜಿಯು ಇನ್ನೊಮ್ಮೆ ಓದಿಸಿದರು. ಆಮೇಲೆ ಪಟವನ್ನು ನೋಡಿ, "ಇವರು ಮೇಲಕ್ಕೆ ನೋಡುತ್ತಾರೆ, ಆತನು ಪೇತ್ರನ ಕಡೆಗೆ ನೋಡಿದನಲ್ಲವೇ" ಎಂದರು. ಪಟವು ಈಗಲೂ ಅಲ್ಲಿಯೇ ತೂಗುತ್ತಿದೆ. ಕೆಳಗಿನ ಹಲಗೆಯ ಮೇಲೆ ಅವರು ಸತ್ಯವೇದವನ್ನು ಇಟ್ಟಿದ್ದಾರೆ; ಊದುಬತ್ತಿಗೆ ಸ್ಥಳವಿಲ್ಲ.