ಅಪ್ಪನ ಮಾರುತಿ 800ರ ಲೆಕ್ಕ

ನಮ್ಮ 1999ರ ಮಾರುತಿ 800ಕ್ಕೆ ಗುಜರಿಯವರು ಕಟ್ಟಿದ ಬೆಲೆ 22,000 ರೂಪಾಯಿ. ಅದೇ ಕಾರಿಗೆ ನಾನು 1.10 ಲಕ್ಷ ಹಾಕಿದೆ. ಇವತ್ತು ಮಾರಲು ಹೊರಟರೆ 60,000 ಬಂದರೆ ಹೆಚ್ಚು. ಹೂಡಿಕೆ ಎಂದು ನೋಡಿದರೆ ಚೊಕ್ಕ ನಷ್ಟ. ಆದರೂ ಮಾಡಿದ್ದು ಸರಿ ಎಂದೇ ನನ್ನ ನಂಬಿಕೆ.

ಅಪ್ಪ ಪಿಎಫ್ ಹಣ ತೆಗೆದು ಕೊಂಡ ಕಾರದು. 1983ರ ಡಿಸೆಂಬರ್‌ನಲ್ಲಿ ಇಂದಿರಾ ಗಾಂಧಿ ದೆಹಲಿಯ ಹರ್‌ಪಾಲ್ ಸಿಂಗ್ ಅವರಿಗೆ ಮೊದಲ ಕೀಲಿ ಕೊಟ್ಟಾಗ ಶುರುವಾದ ಕಥೆ, 2014ರ ಜನವರಿಯಲ್ಲಿ ತಯಾರಿಕೆ ನಿಂತರೂ ಮುಗಿದಿಲ್ಲ. 796 ಸಿಸಿ, ಮೂರು ಸಿಲಿಂಡರ್, ನಮ್ಮದರಲ್ಲಿ ಕಾರ್ಬ್ಯುರೇಟರ್. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಯಾವ ಊರಿನ ಮೆಕ್ಯಾನಿಕ್ ಆದರೂ ಲ್ಯಾಪ್‌ಟಾಪ್ ಹುಡುಕದೆ ರಿಪೇರಿ ಮಾಡುತ್ತಾನೆ. ಊರಲ್ಲಿ ಸಿಗದ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಈ ಕಾರಿನ ಮೇಲೆ ಜನರ ಪ್ರೀತಿ ಆರದಿರಲು ನೆನಪಿನಷ್ಟೇ ದೊಡ್ಡ ಕಾರಣ ಇದು.

ನಾನು ಎಡವಿದ್ದು ಬಾಡಿ ಕೆಲಸದಲ್ಲಿ. ಮೊದಲ ಗ್ಯಾರೇಜಿನವರು ತುಕ್ಕನ್ನು ಕೀಳದೆ ಅದರ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಹೊಡೆದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲಿನ ಕೆಳಗೆಲ್ಲ ಗುಳ್ಳೆ. 15,000 ನೀರಿನಲ್ಲಿ ಹೋಯಿತು. ಎರಡನೆಯವರು ತುಕ್ಕು ಹಿಡಿದ ತಗಡು ಕತ್ತರಿಸಿ ಹೊಸದು ಬೆಸೆದು, ಆಮೇಲೆ ಬಣ್ಣ ಹಚ್ಚಿದರು. ಟಿಂಕರಿಂಗ್, ಪೇಂಟಿಂಗ್ ಸೇರಿ 38,000. ಹೆಡ್ ಇಳಿಸಿ ವಾಲ್ವ್, ಪಿಸ್ಟನ್ ರಿಂಗ್, ಕ್ಲಚ್ ಪ್ಲೇಟ್ ಬದಲಿಸಲು 24,000. ಮಿಕ್ಕದ್ದು ಟೈರು, ಬ್ಯಾಟರಿ, ಬ್ರೇಕು, ರಬ್ಬರ್ ಪೈಪುಗಳು, ಸೀಟು ಮತ್ತು ಆರ್‌ಸಿ ನವೀಕರಣಕ್ಕೆ. ಆಗ ನವೀಕರಣ ಶುಲ್ಕ 5,000 ಇತ್ತು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ ಅದು 10,000. ಸಿಗುವುದು ಐದೇ ವರ್ಷದ ಅವಧಿ, ಹಾಗಾಗಿ ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಈಗ ಇನ್ನೊಂದು ಕಡೆ ನೋಡಿ. ನಾಲ್ಕು ಲಕ್ಷ ಸಾಲ ಮಾಡಿ ಬೇರೆ ಕಾರು ತಂದಿದ್ದರೆ ನಾಲ್ಕು ವರ್ಷ ತಿಂಗಳಿಗೆ ಹತ್ತು ಸಾವಿರದಷ್ಟು ಕಂತು. ನನ್ನ ಒಟ್ಟು ಖರ್ಚು ಅಂಥ ಹನ್ನೊಂದು ಕಂತಿಗೆ ಸಮ. ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ 2,094 ರೂಪಾಯಿ, ಜಿಎಸ್‌ಟಿ ಬೇರೆ. ಕಾರಿನ ವಿಮಾ ಮೌಲ್ಯವೇ ಇಷ್ಟು ಇಳಿದಿರುವಾಗ ಪೂರ್ಣ ವಿಮೆಗೆ ದುಡ್ಡು ಕಟ್ಟುವುದರಲ್ಲಿ ಅರ್ಥ ಕಾಣಲಿಲ್ಲ. ಅಮ್ಮನನ್ನು ಆಸ್ಪತ್ರೆಗೆ, ದೇವಸ್ಥಾನಕ್ಕೆ ಕರೆದೊಯ್ಯಲು, ಸಂತೆಗೆ ಹೋಗಿಬರಲು ಇದು ಧಾರಾಳ ಸಾಕು. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಆದ್ದರಿಂದ ಹೆದ್ದಾರಿಗೆ ನಾನು ತೆಗೆಯುವುದಿಲ್ಲ. ದೂರದ ಊರಿಗೆ ಬಸ್ಸಿದೆ, ರೈಲಿದೆ.

ನಿಮ್ಮ ಮನೆಯಲ್ಲೂ ಇಂಥ ಕಾರು ನಿಂತಿದ್ದರೆ, ಎಂಜಿನ್ ಸದ್ದು ಕೇಳುವ ಮೊದಲು ಒಳಗಿನ ಮ್ಯಾಟ್ ಎತ್ತಿ ತಳದ ತಗಡು ನೋಡಿ. ಗಟ್ಟಿಯಾಗಿದ್ದರೆ ಧೈರ್ಯವಾಗಿ ಕೈಹಾಕಿ. ಅದು ತೂತು ಬಿದ್ದಿದ್ದರೆ ಗುಜರಿಯವರು ಹೇಳಿದ ದರಕ್ಕೇ ಕೊಟ್ಟುಬಿಡಿ.