ಮುಪ್ಪಿನ ಬುತ್ತಿ

ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟವನ್ನು ಏರುವವನು ಬುತ್ತಿಯನ್ನು ತಪ್ಪಲಿನಲ್ಲಿಯೇ ಕಟ್ಟಿಕೊಳ್ಳಬೇಕು. ನಡುದಾರಿಯಲ್ಲಿ ಒಲೆ ಹೂಡಲಾಗದು. ಮುಪ್ಪಿನ ಬುತ್ತಿಯೂ ಹಾಗೆಯೇ. ಮೈಯಲ್ಲಿ ಕಸುವಿರುವಾಗಲೇ ಅದು ಸಿದ್ಧವಾಗಬೇಕು.

ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ 1891ರಲ್ಲಿಯೇ ಜೀವವಿಮೆಯನ್ನು ಏರ್ಪಡಿಸಿತು. ಆದರೆ ರೈತನ ಪಾಡೇನು? ಈ ಸೀಮೆಯಲ್ಲಿ ಹೊಗೆಸೊಪ್ಪು ಮುಖ್ಯವಾದ ಹಣದ ಬೆಳೆ. ಬ್ಯಾರನ್‌ನಲ್ಲಿ ಹದಗೊಂಡ ಎಲೆ ಹರಾಜು ಮಾರುಕಟ್ಟೆಯನ್ನು ಸೇರಿದಾಗ ಹಣ ಕೈಗೆ ಬರುತ್ತದೆ. ಸಾಲಕ್ಕೂ ಮದುವೆಗೂ ಅಷ್ಟೇ ಬೇಗ ಕರಗುತ್ತದೆ. ತೋಳು ಸೋತ ದಿನ ಅವನಿಗೆ ನೌಕರನಂತೆ ನಿವೃತ್ತಿವೇತನವಿಲ್ಲ.

ಇಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಂದ್ರ ಸರ್ಕಾರವು 2015ರಲ್ಲಿ ಅಟಲ್ ಪಿಂಚಣಿ ಯೋಜನೆಯನ್ನು ಆರಂಭಿಸಿತು. 18ರಿಂದ 40 ವರ್ಷದೊಳಗೆ ಸೇರಬಹುದು. ಬೆಳೆಯ ಹಣಕ್ಕೆ ಹೊಂದುವಂತೆ ಆರು ತಿಂಗಳಿಗೊಮ್ಮೆಯೂ ಕಟ್ಟಬಹುದು. ಅರವತ್ತರ ಬಳಿಕ ತಿಂಗಳಿಗೆ 5,000 ರೂಪಾಯಿ ಬೇಕೆಂದರೆ, 18ರಲ್ಲಿ ಸೇರಿದವನು ತಿಂಗಳಿಗೆ 210 ರೂಪಾಯಿಯಂತೆ 42 ವರ್ಷಗಳಲ್ಲಿ 1,05,840 ರೂಪಾಯಿ ಕಟ್ಟುತ್ತಾನೆ. 40ರಲ್ಲಿ ಸೇರಿದವನು ತಿಂಗಳಿಗೆ 1,454 ರೂಪಾಯಿಯಂತೆ 20 ವರ್ಷಗಳಲ್ಲಿ 3,48,960 ರೂಪಾಯಿ ಕಟ್ಟಬೇಕು. ಇಬ್ಬರಿಗೂ ದೊರೆಯುವ ಪಿಂಚಣಿ ಒಂದೇ!

ಈ ಅಂತರಕ್ಕೆ ಕಾರಣವೇನು? ಮೊದಲು ಕಟ್ಟಿದ ಹಣ ಗಳಿಕೆಯನ್ನು ತರುತ್ತದೆ; ಆ ಗಳಿಕೆಯೂ ಅಸಲಿನೊಡನೆ ಸೇರಿ ಮತ್ತೆ ಗಳಿಸುತ್ತದೆ. ನೀವು ಗಣಿತದಲ್ಲಿ ಕಲಿತ ಚಕ್ರಬಡ್ಡಿಯ ಮರ್ಮವೇ ಇದು. ಬೆಲೆಗಳು ಏರುತ್ತಲೇ ಇರುವುದರಿಂದ ಇಂದಿನ ಐದು ಸಾವಿರ ನಾಳೆಗೆ ಸಾಲದೆ ಹೋಗಬಹುದು. ಆದ್ದರಿಂದ ಗಳಿಕೆ ಹೆಚ್ಚಿದಂತೆ ಉಳಿತಾಯವೂ ಹೆಚ್ಚಬೇಕು.

ಹಣವುಳ್ಳವರು ಕೆಲವರೇ, ಆದರೆ ಕಿರಿಯರಾದ ನಿಮ್ಮೆಲ್ಲರ ಬಳಿಯೂ ಕಾಲವೆಂಬ ಬಂಡವಾಳವಿದೆ. ಅದನ್ನು ವ್ಯರ್ಥಗೊಳಿಸದವನು ಮುಪ್ಪಿನಲ್ಲಿ ಯಾರ ಮುಂದೆಯೂ ಕೈಚಾಚಬೇಕಾಗಿಲ್ಲ.