ಕಾಂಕ್ರೀಟಿಗೆ ಪ್ಲಾಸ್ಟಿಕ್ ಚೂರು: ಎಲ್ಲಿ, ಎಷ್ಟು, ಹೇಗೆ?

ಡಾಂಬರು ರಸ್ತೆಯಲ್ಲಿ ಪ್ಲಾಸ್ಟಿಕ್ ಬಿಸಿಗೆ ಕರಗಿ ಜಲ್ಲಿಗೆ ಅಂಟಿಕೊಳ್ಳುತ್ತದೆ. ಕಾಂಕ್ರೀಟಿನಲ್ಲಿ ಹಾಗಾಗುವುದಿಲ್ಲ. ನುಣುಪಾದ ಚೂರನ್ನು ಸಿಮೆಂಟು ಬಿಗಿಯಾಗಿ ಹಿಡಿಯದು. ಪ್ಲಾಸ್ಟಿಕ್ ಹೆಚ್ಚಿದಷ್ಟೂ ಬಲ ಕುಗ್ಗುತ್ತದೆ. ಗೋವಾ ಎಂಜಿನಿಯರಿಂಗ್ ಕಾಲೇಜು ಮತ್ತು ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದವರು ಸೇರಿ ನಡೆಸಿದ ಪ್ರಯೋಗಗಳಲ್ಲಿ ಮರಳಿನ ಶೇ 10ರಷ್ಟು ಭಾಗಕ್ಕೆ ಪ್ಲಾಸ್ಟಿಕ್ ಬಳಸಬಹುದೆಂದು ಕಂಡುಬಂತು. ಮನೆ ಕೆಲಸಕ್ಕೆ ಅದನ್ನೇ ಗರಿಷ್ಠ ಮಿತಿ ಎಂದಿಟ್ಟುಕೊಳ್ಳಿ.

ಪಿಲ್ಲರ್, ಬೀಮ್, ಆರ್‌ಸಿಸಿ ಛಾವಣಿಗೆ ಇದು ಬೇಡವೇ ಬೇಡ. ಅಂಗಳದ ಕಾಲುದಾರಿ, ಟೈಲ್ಸ್ ಅಡಿಯ ಬೆಡ್ ಕಾಂಕ್ರೀಟ್‌ನಂಥ ಹೆಚ್ಚು ಭಾರ ಬೀಳದ ಕಡೆ ಸಾಕು. ಕಾಲುದಾರಿಗೂ ಮೇಲ್ಪದರ ಮಾಮೂಲಿ ಗಾರೆಯದೇ ಇರಲಿ. ಇಲ್ಲವಾದರೆ ಸವೆದ ಪ್ಲಾಸ್ಟಿಕ್ ಪುಡಿ ಮಳೆನೀರಿನೊಂದಿಗೆ ಕೆರೆ ಸೇರುತ್ತದೆ.

ಮೊದಲ ಕೆಲಸ ಆಯ್ಕೆ. ತ್ರಿಕೋನದೊಳಗೆ 1 ಎಂದಿರುವ ಪೆಟ್ ಪ್ಲಾಸ್ಟಿಕ್ ಆರಿಸಿ. 3 ಎಂದಿದ್ದರೆ ಅದು ಪಿವಿಸಿ. ಬೆಂಕಿ ತಗುಲಿದರೆ ಆಮ್ಲದ ಹೊಗೆ ಬಿಡುವುದರಿಂದ ಅದನ್ನು ಬಿಡಿ. ಕ್ಯಾರಿ ಬ್ಯಾಗ್ ಮುದುಡಿಕೊಳ್ಳುತ್ತದೆ, ಅದೂ ಬೇಡ. ಸ್ವಚ್ಛ ನೀರಿನ ಬಾಟಲಿಗೆ ಗುಜರಿಯಲ್ಲಿ ಬೆಲೆಯಿದೆ, ಅದು ಮರುಬಳಕೆಗೇ ಹೋಗಲಿ. ಗುಜರಿಯವರು ಬೇಡವೆನ್ನುವ ಬಣ್ಣದ ಬಾಟಲಿ, ತಿಂಡಿ ಟ್ರೇಗಳನ್ನು ಇದಕ್ಕೆ ಬಳಸುವುದು ಸರಿ.

ಮುಚ್ಚಳ, ಲೇಬಲ್ ತೆಗೆದು, ಸೋಪಿನ ನೀರಿನಲ್ಲಿ ಜಿಡ್ಡು ಹೋಗುವಂತೆ ತೊಳೆದು ಒಣಗಿಸಿ. ಮರುಬಳಕೆ ಘಟಕದಲ್ಲಿ ಚೂರು ಮಾಡಿಸಿ, 4.75 ಮಿ.ಮೀ. ಜರಡಿಯಲ್ಲಿ ಇಳಿದದ್ದನ್ನಷ್ಟೇ ಬಳಸಿ.

ಅನೇಕರು ಎಡವುವುದು ಅಳತೆಯಲ್ಲಿ. ಪೆಟ್‌ನ ಸಾಂದ್ರತೆ ಮರಳಿನ ಅರ್ಧದಷ್ಟು ಮಾತ್ರ. ತೂಕಕ್ಕೆ ತೂಕ ಹಾಕಿದರೆ ಪ್ಲಾಸ್ಟಿಕ್ ಮಿತಿಮೀರುತ್ತದೆ. ಅಳತೆಯ ಡಬ್ಬಿಯನ್ನೇ ನಂಬಿ. 1:1.5:3 (ಸಿಮೆಂಟು, ಮರಳು, ಜಲ್ಲಿ) ಮಿಶ್ರಣದಲ್ಲಿ 50 ಕಿಲೊ ಮೂಟೆ ಸಿಮೆಂಟಿಗೆ ಸುಮಾರು 52 ಲೀಟರ್ ಎಂ-ಸ್ಯಾಂಡ್ ಬೇಕು. ಅದರಲ್ಲಿ 5 ಲೀಟರ್ ತೆಗೆದು ಅಷ್ಟೇ ಅಳತೆಯ ಚೂರು ಹಾಕಿ. ಜಲ್ಲಿ 105 ಲೀಟರ್.

ನೀರು ಹಾಕುವ ಮುನ್ನವೇ ಸಿಮೆಂಟು, ಮರಳು, ಚೂರನ್ನು ಒಣಗಿರುವಾಗಲೇ ಚೆನ್ನಾಗಿ ಕಲೆಸಿ, ಆಮೇಲೆ ಜಲ್ಲಿ ಸೇರಿಸಿ. ಮೂಟೆಗೆ 30 ಲೀಟರ್ ನೀರು ಮೀರಬಾರದು. ಮಿಶ್ರಣ ಗಟ್ಟಿಯಾಯಿತೆಂದು ಮೇಸ್ತ್ರಿ ಇನ್ನಷ್ಟು ನೀರು ಕೇಳಬಹುದು, ಒಪ್ಪಬೇಡಿ. ನೀರು ಹೆಚ್ಚಾದರೆ ಹಗುರ ಚೂರು ಮೇಲೆ ತೇಲುತ್ತದೆ. ಪಿಪಿಸಿ ಸಿಮೆಂಟಾದರೆ ಕನಿಷ್ಠ 10 ದಿನ ಕ್ಯೂರಿಂಗ್ ಮಾಡಿ.

ಅಂಗಳಕ್ಕೆ ಕಾಂಕ್ರೀಟ್ ಹಾಕುವ ಮೊದಲು ಕ್ಯೂಬ್ ಟೆಸ್ಟ್ ಆಗಲೇಬೇಕು. ಪ್ಲಾಸ್ಟಿಕ್ ಇರುವ, ಇಲ್ಲದ ಎರಡೂ ಮಿಶ್ರಣಗಳ 150 ಮಿ.ಮೀ. ಕ್ಯೂಬ್‌ಗಳನ್ನು ಮೂರು ಮೂರರಂತೆ ತುಂಬಿಸಿ, 28 ದಿನ ನೀರಿನಲ್ಲಿಟ್ಟು ಲ್ಯಾಬಿಗೆ ಕೊಡಿ. ಎಂಜಿನಿಯರ್ ಹೇಳಿದ ಬಲ ಬಾರದಿದ್ದರೆ ಚೂರನ್ನು ಶೇ 5ಕ್ಕೆ ಇಳಿಸಿ ಮತ್ತೆ ಪರೀಕ್ಷಿಸಿ. ಉಳಿದ ಚೂರನ್ನು ಸುಡದೆ ಘಟಕಕ್ಕೇ ಹಿಂತಿರುಗಿಸಿ.